ಅಚ್ಚು ಇತ್ತು, ಕಟ್ಟು ಇರಲಿಲ್ಲ

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಚ್ಚುಕಟ್ಟಣ್ಣ ಎಂದು. ಹೆಸರಿಗೆ ತಕ್ಕ ಆಳು. ಸೀಸದ ಅಕ್ಷರಗಳನ್ನು ಖಾನೆಗಳಿಂದ ನೋಡದೆಯೇ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಸಾಲುಗೂಡಿಸಿ, ಆ ಉಲ್ಟಾ ಸಾಲನ್ನೇ ಬೇರೆಯವರು ಪೇಪರು ಓದುವಷ್ಟು ಸಲೀಸಾಗಿ ಓದುತ್ತಿದ್ದ. ಉಳಿದ ಅಚ್ಚುಕೂಟಗಳೆಲ್ಲ ಕಂಪ್ಯೂಟರಿಗೆ ಶರಣಾದ ಮೇಲೂ ಇದೊಂದು ಉಳಿದದ್ದು ಯಜಮಾನರ ಹಟದಿಂದ ಮತ್ತು ಅವನ ಬೆರಳಿನಿಂದ.

ಜೋಡಿಸಿದ ಪುಟ ಚೆದುರದಂತೆ ಸುತ್ತಲೂ ದಾರ ಬಿಗಿಯುವುದರಲ್ಲಂತೂ ಅವನನ್ನು ಮೀರಿಸಿದವರಿಲ್ಲ. ಐದು ಸುತ್ತು. ಆಮೇಲೆ ಹೆಬ್ಬೆರಳಿನಿಂದ ಒಮ್ಮೆ ಮೀಟಿ ನೋಡುತ್ತಿದ್ದ.

"ಏನಣ್ಣಾ, ತಂಬೂರಿ ಶ್ರುತಿ ಮಾಡ್ತಿದ್ದೀಯಾ?" ಎಂದು ಯಂತ್ರ ಓಡಿಸುವವನು ಕಿಚಾಯಿಸಿದರೆ, "ಬಿಗಿ ಇಲ್ದಿದ್ರೆ ಪುಟ ರಾಗ ಎಳೆಯುತ್ತಪ್ಪಾ" ಎನ್ನುತ್ತಿದ್ದ.

ಮೊಳೆ ಎಂದರೆ ಪುಟಕ್ಕೆ ಜೋಡಿಸುವುದೂ ಹೌದು, ಗೋಡೆಗೆ ಹೊಡೆಯುವುದೂ ಹೌದು. ಎರಡನೆಯ ಜಾತಿಯದೊಂದು ಇಪ್ಪತ್ತಾರು ವರ್ಷದಿಂದ ಅವನ ಎದೆಯಲ್ಲಿತ್ತು. ಒಂದು ಮಧ್ಯಾಹ್ನ ಅವನು ಅವಸರದ ಪುಟವೊಂದನ್ನು ಜೋಡಿಸಿ ತಟ್ಟೆಯಲ್ಲಿಟ್ಟು, ದಾರ ಆಮೇಲೆ ಕಟ್ಟಿದರಾಯಿತೆಂದು ಚಹಾಕ್ಕೆ ಹೋದ. ಪ್ರೂಫ್ ತಿದ್ದುತ್ತಿದ್ದ ಪ್ರೂಫಕ್ಕ ಬಂದು ತಟ್ಟೆ ಎತ್ತಿದಳು. ಪುಟಕ್ಕೆ ಪುಟವೇ ಜೋಳದ ಕಾಳಿನಂತೆ ನೆಲಕ್ಕೆ ಚೆಲ್ಲಿತು. ಕಾದು ಕೂತಿದ್ದ ಗಿರಾಕಿ ಬೈದು ಎದ್ದುಹೋದ.

"ದಾರ ಕಟ್ಟಿದ್ಯೇನೋ?" ಎಂದು ಗುಡುಗಿದರು ಆಗಿನ ಯಜಮಾನರು.

"ಕಟ್ಟಿದ್ದೆ" ಎಂದ.

ಒಂದೇ ಪದ. ಅಚ್ಚು ಇತ್ತು, ಕಟ್ಟು ಇರಲಿಲ್ಲ. ನೆಲದ ಮೇಲೆ ದಾರದ ತುಂಡುಗಳು ಯಾವಾಗಲೂ ಬಿದ್ದಿರುತ್ತಿದ್ದವು, ಯಾರು ಹುಡುಕುತ್ತಾರೆ? ಕೈ ಜಾರಿಸಿದವಳೆಂದು ಪ್ರೂಫಕ್ಕನ ಕೆಲಸ ಹೋಯಿತು.

ಅಂದಿನಿಂದ ಪ್ರತಿ ಶನಿವಾರ ಚರ್ಚಿನಲ್ಲಿ ಮಂಡಿಯೂರಿ ಪಾಪನಿವೇದನೆ ಮಾಡುವಾಗ ಸಿಡುಕು, ಹರಟೆ, ಪ್ರಾರ್ಥನೆಯ ನಡುವೆ ತೂಕಡಿಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಹೇಳುತ್ತಿದ್ದ. ಆ ಒಂದು ಪದ ಮಾತ್ರ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಆಗ ಮಗಳಿಗಿನ್ನೂ ಎರಡು ತಿಂಗಳು, ನಾನಾದರೂ ಏನು ಮಾಡಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನುಂಗಿಬಿಡುತ್ತಿದ್ದ.

ಹೀಗಿರುವಾಗ ಚರ್ಚಿನ ಪ್ರಾರ್ಥನೆಯ ಪುಸ್ತಿಕೆ ಅಚ್ಚಿಗೆ ಬಂತು. ಅಚ್ಚುಕೂಟಕ್ಕೇ ಬಂದು ಮೊದಲ ಪ್ರೂಫ್ ನೋಡಿದ ಫಾದರ್ ನಕ್ಕರು. 'ದೇವರೇ, ನಾನು ಪಾಪಿ' ಎಂದಿರಬೇಕಾದ ಕಡೆ 'ದೇವರೇ, ನಾನು ಪಾಪ' ಎಂದಿತ್ತು. ಎಂದೂ ತಪ್ಪದ ಬೆರಳು 'ಪಿ' ಖಾನೆ ಬಿಟ್ಟು 'ಪ' ಖಾನೆಗೆ ಹೋಗಿತ್ತು.

"ಒಂದು ಗುಡಿಸು ಹಾರಿಸಿ ಧರ್ಮಶಾಸ್ತ್ರನೇ ತಲೆಕೆಳಗೆ ಮಾಡಿದ್ಯಲ್ಲಣ್ಣಾ" ಎಂದರು. "'ಪಾಪಿ' ಅನ್ನೋದು ನಮ್ಮ ಸಾಲು. 'ಪಾಪ' ಅನ್ನೋದು ದೇವರ ಸಾಲು. ನಾವು ನಮ್ಮದನ್ನ ಹೇಳ್ಲಿ ಅಂತಾನೇ ಅವನು ಕಾಯ್ತಿರ್ತಾನೆ, 'ಅಯ್ಯೋ ಪಾಪ, ಒಳಗೆ ಬಾ' ಅನ್ನೋಕೆ. ಅವನ ಸಾಲನ್ನೂ ನಾವೇ ಹೇಳ್ಕೊಂಡುಬಿಟ್ರೆ ಅವನಿಗೇನು ಉಳೀತು?"

ಅಚ್ಚುಕಟ್ಟಣ್ಣ ನಗಲಿಲ್ಲ. ಇಷ್ಟು ವರ್ಷ ಶನಿವಾರ ಶನಿವಾರ ತಾನು ಜೋಡಿಸಿಕೊಂಡು ಬಂದದ್ದು ಇದೇ ಸಾಲು: ನಾನು ಪಾಪ. "ಫಾದರ್, ಬಾಗಿಲು ಮುಂದೆ ಮಾಡಿ" ಎಂದು, ಸೀಸದ ಮಸಿ ಬೆರಳಲ್ಲಿದ್ದಂತೆಯೇ ಅಲ್ಲೇ ಮಂಡಿಯೂರಿ ಎಲ್ಲವನ್ನೂ ಹೇಳಿದ.

ಫಾದರ್ ಕ್ಷಮೆಯ ಪ್ರಾರ್ಥನೆ ಹೇಳಿ ಅವನ ತಲೆ ಮುಟ್ಟಿದರು. "ದೇವರ ಕಡೆಯಿಂದ ಇದು ಇವತ್ತೇ ಮುಗೀತು. ಆದ್ರೆ ಅಕ್ಕನ ಕೈಗೆ ನೀನು ಕಟ್ಟಿದ ಸುಳ್ಳನ್ನ ನೀನೇ ಬಿಚ್ಚಬೇಕು."

"ನಾಳೆ ಹೋಗ್ಲಾ?"

"ದಾರ ಆಮೇಲೆ ಕಟ್ತೀನಿ ಅಂದಂಗಾಯ್ತು."

ಹೊರಡುವ ಮೊದಲು ಅದನ್ನೇ ಈಗಿನ ಯಜಮಾನರಿಗೂ ಯಂತ್ರದವನಿಗೂ ಬಾಯಿಬಿಟ್ಟು ಹೇಳಿದ. ಯಾರೂ ಕೇಳಿರಲಿಲ್ಲ. ಇಪ್ಪತ್ತಾರು ವರ್ಷ ಕಾಪಾಡಿಕೊಂಡ ಹೆಸರನ್ನು ಒಂದು ಮಧ್ಯಾಹ್ನದಲ್ಲಿ ತಾನೇ ಕೆಳಗಿಡಲು ಎಷ್ಟು ಗಟ್ಟಿ ಎದೆ ಬೇಕೋ!

ಎರಡು ಬೀದಿ ಆಚೆ ಪ್ರೂಫಕ್ಕ ಮನೆಯಲ್ಲಿ ಕಾಗದದ ಕವರುಗಳಿಗೆ ಅಂಟು ಹಚ್ಚುತ್ತ ಕೂತಿದ್ದಳು. ಗುಡಿಸು ಹಾರಿದ ಕಥೆಯಿಂದ ಶುರುಮಾಡಿ ಅವನು ನಿಂತೇ ಹೇಳಿದ. "ದಾರ ಕಟ್ಟಿರ್ಲಿಲ್ಲಕ್ಕಾ. ಕಟ್ಟಿದ್ದೆ ಅಂತ ಸುಳ್ಳು ಹೇಳ್ದೆ. ನಿನ್ನ ಕೈ ಜಾರಿರ್ಲಿಲ್ಲ."

ಅವಳು ಕುಂಚ ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ತಿರುವಿ ನೋಡಿಕೊಂಡಳು. "ತಮ್ಮನ ಮೂರು ಮಕ್ಕಳಲ್ಲಿ ಒಂದನ್ನೂ ನಾನು ನಿಂತ್ಕೊಂಡು ಎತ್ಕೊಂಡಿಲ್ಲ ಕಣೋ. ಎಲ್ಲಿ ಜಾರಿಸ್ತೀನೋ ಅಂತ. ಕೂತ್ಕೊಂಡೇ ಆಡಿಸ್ದೆ."

ಎರಡು ತಿಂಗಳ ಮಗಳು ಅವನ ನಾಲಿಗೆಯ ತುದಿಗೆ ಬಂದಳು. ಅವಳನ್ನು ಅಲ್ಲೇ ತಡೆದು, "ತಪ್ಪು ನಂದೇ ಅಕ್ಕಾ" ಎಂದಷ್ಟೇ ಹೇಳಿದ.

"ಈಗ ಹೋಗು" ಎಂದಳು. ಹೋದ.

ಮೂರನೆಯ ದಿನ ಬೆಳಿಗ್ಗೆ ಪ್ರೂಫಕ್ಕ ತಾನಾಗಿ ಅಚ್ಚುಕೂಟದ ಮೆಟ್ಟಿಲು ಹತ್ತಿ ಬಂದಳು. ಸೊಂಟದ ಮೇಲೆ ತಮ್ಮನ ಮೊಮ್ಮಗು. ಯಜಮಾನರು ಕುರ್ಚಿ ತಳ್ಳಿದರೂ ಕೂರಲಿಲ್ಲ. "ಎಲ್ಲಿ ಆ ಪ್ರೂಫು?" ಎಂದು ಇಸಿದುಕೊಂಡು, ಒಂದು ತೋಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು, ನಿಂತೇ ಪುಟವಿಡೀ ಓದಿದಳು.

"'ಪಾಪಿ' ಒಂದನ್ನೇ ತಿದ್ಕೊಂಡು ಕೂತಿದ್ದಾನೆ, ಇಲ್ನೋಡಿ ಇನ್ನೂ ಮೂರು ತಪ್ಪಿವೆ" ಎಂದು ಯಜಮಾನರಿಗೆ ತೋರಿಸಿದಳು. ಆಮೇಲೆ ಅವನ ಕಡೆ ತಿರುಗಿ, "ಕಣ್ಣು ಮಂಜಾಗಿದೆ ಇವನಿಗೆ, ಪಾಪ" ಎಂದಳು.

ಅಚ್ಚುಕಟ್ಟಣ್ಣ ಆಗ ಪುಟವೊಂದಕ್ಕೆ ದಾರ ಸುತ್ತುತ್ತಿದ್ದ. ಎಷ್ಟನೆಯ ಸುತ್ತೆಂದು ಮರೆತುಹೋಯಿತು. ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದ.