ಸದ್ದಿನ ಮಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯವರ ಬಾಯಿಗೆಲ್ಲ ಮಧ್ಯಾಹ್ನದ ಹೊತ್ತು ಬೀಗ ಬಿದ್ದದ್ದು ನನ್ನಿಂದ. ಊರಿನವರ ದನಿಯನ್ನೆಲ್ಲ ಕದ್ದು ಆಡಿ, ಬೈಸಿಕೊಂಡೇ ಬೆಳೆದವನು ನಾನು. ಅಂಥವನ ಕೈಯಿಂದಲೇ ಇಡೀ ಮನೆ ಮೌನವ್ರತ ಹಿಡಿಯಿತೆಂದರೆ ದೇವರಿಗೂ ಸ್ವಲ್ಪ ತಮಾಷೆ ಗೊತ್ತಿದೆ ಅಂತಾಯಿತು.

ಹೊಳೆನರಸೀಪುರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ನನ್ನ ಚಿಕ್ಕಪ್ಪನಿಗೆ ರೇಡಿಯೊ ಹುಚ್ಚು. ಯೂರೋಪಿನ ಯಾವುದೋ ಊರಲ್ಲಿ ಯಾರೋ ಪುಣ್ಯಾತ್ಮರು ತಮ್ಮ ರೇಡಿಯೊವನ್ನು ಇಂಟರ್‌ನೆಟ್ಟಿಗೆ ಕಟ್ಟಿಟ್ಟಿದ್ದರು. ನಾವು ಇಲ್ಲಿಂದಲೇ ಮೌಸ್ ಹಿಡಿದು ಅದರ ಮುಳ್ಳು ತಿರುಗಿಸಬಹುದಿತ್ತು. ಒಂದು ಜಾಗಕ್ಕೆ ಬಂದರೆ ತೆಂಗಿನಕಾಯಿ ತುರಿದಂಥ ಸದ್ದು: ಚರ್ಕ್, ಚರ್ಕ್, ಚರ್ಕ್. ಅದು ಹಡಗುಗಳಿಗೆಂದು ಕಳಿಸುವ ಹವಾಮಾನದ ನಕ್ಷೆ. ಆ ಸದ್ದನ್ನು ಇನ್ನೊಂದು ಸಾಫ್ಟ್‌ವೇರಿಗೆ ಉಣಿಸಿದರೆ ಅದು ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಿತ್ತು.

"ಸದ್ದಿನ ಕೆಲಸ ನಿಂದು," ಎಂದರು ಚಿಕ್ಕಪ್ಪ. "ಊರಿನ ದನಿಯೆಲ್ಲ ನಿನ್ನ ಗಂಟಲಲ್ಲೇ ಇದೆಯಲ್ಲ."

ಬ್ರೌಸರಿನ ಸದ್ದನ್ನು ಕಂಪ್ಯೂಟರಿನ ಒಳಗಿಂದೊಳಗೇ ಆ ಸಾಫ್ಟ್‌ವೇರಿಗೆ ದಾಟಿಸಬೇಕಿತ್ತು. ದಾಟಿಸಿದೆ ಕೂಡ. ಆದರೆ ಅದೇ ಸಂಜೆ, ಅರಕಲಗೂಡು ಬಸ್ಸಿನ ಕಂಡಕ್ಟರ್ ಕೂಗುವುದನ್ನು ನನ್ನ ಬಾಯಲ್ಲಿ ರೆಕಾರ್ಡ್ ಮಾಡಿ ಕೇಳುವ ಚಪಲ ಹುಟ್ಟಿ, ಸದ್ದಿನ ದಾರಿಯನ್ನು ಮೈಕಿಗೆ ತಿರುಗಿಸಿದೆ. ಮತ್ತೆ ಮೊದಲಿನ ಹಾಗೆ ಮಾಡುವುದು ಮರೆತೆ. ಸ್ಪೀಕರಿನಿಂದ ಹೊರಬಿದ್ದ ಚರ್ಕ್ ಚರ್ಕ್ ಮೇಜಿನ ಮೇಲಿದ್ದ ಮೈಕಿನ ಮೂಲಕ ಮತ್ತೆ ಒಳಗೆ ಹೋಗುತ್ತಿತ್ತು. ಚಿತ್ರ ಬರುತ್ತಲೇ ಇದ್ದುದರಿಂದ ಯಾರಿಗೂ ಅನುಮಾನವಿಲ್ಲ, ನನಗೂ.

ಕಂಡದ್ದು ಇಷ್ಟೇ: ಮನೆಯಲ್ಲಿ ಸದ್ದಾದರೆ ನಕ್ಷೆ ಕೆಡುತ್ತದೆ. ಚಿಕ್ಕಮ್ಮನ ಕುಕ್ಕರು ಕೂಗಿದ್ದು ಅಟ್ಲಾಂಟಿಕ್ ಸಾಗರಕ್ಕೆ ಅಡ್ಡಲಾಗಿ ಬಿಳಿ ಪಟ್ಟಿಯಾಯಿತು. ಅಜ್ಜಿ ಎಲೆಅಡಿಕೆ ಕುಟ್ಟಿದ್ದು ಯಾವುದೋ ಕರಾವಳಿಯ ಪಕ್ಕ ಸಾಸಿವೆ ಚೆಲ್ಲಿದ ಹಾಗೆ ಬಿತ್ತು. "ಎಷ್ಟು ಸೂಕ್ಷ್ಮ ನೋಡೋ ಇದು," ಎಂದು ಚಿಕ್ಕಪ್ಪ ಬೆರಗಾದರು. ಫಿಸಿಕ್ಸ್ ಮೇಷ್ಟ್ರೇ ಬೆರಗಾದ ಮೇಲೆ ಕಾರಣ ಕೇಳುವವರು ಯಾರು?

ಅಜ್ಜಿ ಅದನ್ನು ತನಗೆ ಗೊತ್ತಿದ್ದ ಹಾದಿಯಲ್ಲಿ ಅರ್ಥ ಮಾಡಿಕೊಂಡಳು. "ಬಟ್ಟೆಗೆ ಮಡಿ ಇಲ್ವೇ, ಹಾಗೆ ಇದಕ್ಕೆ ಸದ್ದಿನ ಮಡಿ. ಯಾರೂ ಮೈಲಿಗೆ ಮಾಡಬೇಡಿ ಕಣ್ರೇ."

ಅಂದಿನಿಂದ ಊಟವಾದ ಮೇಲೆ ಮನೆಗೆ ಮಡಿ. ಕುಟ್ಟಾಣಿ ಹಿತ್ತಿಲಿಗೆ ಹೋಯಿತು. ಜಪಕ್ಕೆ ಕೂತವರ ಹಾಗೆ ಎಲ್ಲರದೂ ಕೈಸನ್ನೆ, ಬಹಳವೆಂದರೆ ಒಂದು "ಹ್ಞೂಂ". ನನಗೆ ಮಾತ್ರ ಮೂಗು ಬಿಗಿಹಿಡಿದು ಮುಳುಗಿದ ಹಾಗಾಗುತ್ತಿತ್ತು.

ಆದರೂ ಆ ಮಧ್ಯಾಹ್ನಗಳು ಈಗಲೂ ನನ್ನೊಳಗೆ ತೇಲುತ್ತವೆ. ಕಿಟಕಿ ಸರಳಿನ ನೆರಳು ಕೆಂಪು ನೆಲದ ಮೇಲೆ ಜರುಗುತ್ತ, ಪರದೆಯ ಮೇಲೆ ನಮ್ಮಲ್ಲಿ ಯಾರೂ ಕಾಣದ ಸಮುದ್ರವೊಂದು ಮೇಲಿಂದ ಕೆಳಕ್ಕೆ ಇಳಿಯುತ್ತ, ಗಾಳಿಯ ಗೆರೆಗಳು ಎಳೆ ರಂಗೋಲಿಯಂತೆ ಸುತ್ತಿಕೊಳ್ಳುತ್ತ. ಎಲ್ಲೋ ಹಡಗಿನವನೊಬ್ಬ ಇದೇ ಗೆರೆಗಳನ್ನು ನೋಡುತ್ತಿರಬಹುದು. ಅವನಿಗೆ ಬಿರುಗಾಳಿ, ನಮಗೆ ತೂಕಡಿಕೆ. ಒಮ್ಮೆ ಅಜ್ಜಿ ಅರೆನಿದ್ದೆಯಲ್ಲಿ, "ಅಲ್ಲೆಲ್ಲ ಮಳೆಯೇನೋ ಪಾಪ," ಎಂದು ಪಿಸುಗುಟ್ಟಿದಳು. ಆ ಪಿಸುಮಾತೂ ಒಳಗೆ ಹೋಗಿ, ಒಂದು ದ್ವೀಪದ ಮೇಲೆ ತೆಳುವಾಗಿ ಮೋಡ ಕವಿಯಿತು.

ಚಿಕ್ಕಪ್ಪನಿಗಿದ್ದದ್ದು ಒಂದೇ ಆಸೆ: ಕಾಲೇಜಿನ ಹುಡುಗರಿಗೊಂದು ರೇಡಿಯೊ ಕ್ಲಬ್ಬು. ಲ್ಯಾಬಿನ ಪಕ್ಕ ಮುರಿದ ಬೆಂಚು ತುಂಬಿದ್ದ ಸ್ಟೋರ್ ರೂಮೊಂದಿತ್ತು. ಅದನ್ನು ಕೊಡಿರೆಂದು ಪ್ರಿನ್ಸಿಪಾಲರನ್ನು ಕೇಳಿ ಕೇಳಿ ಸೋತಿದ್ದರು. ಈಗ ಗಟ್ಟಿ ಕಾರಣ ಸಿಕ್ಕಿತು. ಈ ಕೆಲಸಕ್ಕೆ ನಿಶ್ಶಬ್ದ ಬೇಕು, ನಿಶ್ಶಬ್ದಕ್ಕೆ ಬೇರೆ ರೂಮು ಬೇಕು. "ತೋರಿಸ್ರಿ, ನೋಡಣ," ಎಂದರಂತೆ ಪ್ರಿನ್ಸಿಪಾಲರು.

ಹಾಸನದಲ್ಲಿ ಜೋಡಿಸಿ ತಂದಿದ್ದ ಕಂಪ್ಯೂಟರನ್ನು ಮೈಕು, ಸ್ಪೀಕರಿನ ಸಮೇತ ಹೊದಿಕೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತೆವು. ಕಾಲೇಜಿನಲ್ಲಿ ಇಂಟರ್‌ನೆಟ್ ಇದ್ದದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ ಮಾತ್ರ. ಅಲ್ಲೋ, ಫೋನು, ಪೀರಿಯಡ್ಡಿನ ಗಂಟೆ, ಬಾಗಿಲಲ್ಲಿ ಇಣುಕುವ ಹುಡುಗರು, ಅವರತ್ತ ಪ್ರಿನ್ಸಿಪಾಲರು ಕೆಮ್ಮಿ ಕೆಮ್ಮಿ ಹೇಳುವ "ಸೈಲೆನ್ಸ್ ಪ್ಲೀಸ್". ನಕ್ಷೆ ಚಿಂದಿಯಾಗಿ ಇಳಿಯಿತು.

ಅಟೆಂಡರ್ ಬಗ್ಗಿ ನೋಡಿ, "ಇದೇನ್ ಸಾ, ಗೆದ್ಲು ತಿಂದಂಗದೆ," ಎಂದ.

"ಅದಕ್ಕೇ ಸರ್, ಬೇರೆ ರೂಮು ಕೇಳ್ತಿರೋದು," ಎಂದರು ಚಿಕ್ಕಪ್ಪ, ಮೆತ್ತಗೆ.

ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. "ಹೌದು ಕಣ್ರೀ, ಪಾಪ. ಆ ಸ್ಟೋರ್ ರೂಮಿನ ಬೀಗದ ಕೈ ತಗೊಂಬಾರಯ್ಯ," ಎಂದು ಅಟೆಂಡರನ್ನು ಕಳಿಸಿದರು.

ಅಲ್ಲಿಗೆ ನಾನು ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಸದ್ದು ಕೊಂಚ ಏರಿಸೋಣವೆಂದು ಸೆಟ್ಟಿಂಗ್ ತೆರೆದೆ. ಮೈಕಿನ ಮುಂದಿದ್ದ ಟಿಕ್ ಮಾರ್ಕು ನನ್ನನ್ನೇ ದಿಟ್ಟಿಸುತ್ತಿತ್ತು. ಒಳದಾರಿಗೆ ತಿರುಗಿಸಿದೆ. ಅಲ್ಲಿಂದ ಮುಂದಿನ ಗೆರೆಗಳೆಲ್ಲ ತೊಳೆದಿಟ್ಟ ಹಾಗೆ.

"ಚಿಕ್ಕಪ್ಪ, ಇಷ್ಟು ದಿನ ಇದು ಮೈಕಲ್ಲಿ ಕೇಳಿಸ್ಕೊತಿತ್ತು. ನನ್ನದೇ ಎಡವಟ್ಟು. ಈಗ ಯಾರು ಎಷ್ಟು ಕಿರುಚಿದ್ರೂ ಏನೂ ಆಗಲ್ಲ, ನೋಡಿ," ಎಂದು ಕಂಡಕ್ಟರಾಗಿ ಅರಕಲಗೂಡಿಗೆ ಜನ ಕರೆದೆ, ಕುಕ್ಕರಾಗಿ ಕೂಗಿದೆ, ಹುರುಪಿನಲ್ಲಿ ಪ್ರಿನ್ಸಿಪಾಲರ ಹಾಗೇ ಕೆಮ್ಮಿ "ಸೈಲೆನ್ಸ್ ಪ್ಲೀಸ್" ಎಂದೂ ಅಂದೆ. ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಸಮುದ್ರ ಮಾತ್ರ ಒಂದು ಚುಕ್ಕಿಯೂ ಇಲ್ಲದೆ, ಕನಸಿನಷ್ಟು ತಿಳಿಯಾಗಿ ಇಳಿಯುತ್ತಿತ್ತು. ಚಿಕ್ಕಪ್ಪ ಅದನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತ, ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು. ನನಗೆ ತಿಳಿಯುವಷ್ಟರಲ್ಲಿ ಅಟೆಂಡರ್ ಬೀಗದ ಕೈ ಹಿಡಿದು ಬಂದಾಗಿತ್ತು.

ಪ್ರಿನ್ಸಿಪಾಲರು ಅದನ್ನು ಈಸಿಕೊಂಡು, ಮೇಜಿನ ಡ್ರಾಯರಿಗೆ ಹಾಕಿ, ಚಿಕ್ಕಪ್ಪನ ಕಡೆ ತಿರುಗಿದರು.

"ಬಹಳ ಚೆನ್ನಾಗಿದೆ ಕಣ್ರೀ. ಇಷ್ಟು ಗಲಾಟೆಯಲ್ಲೂ ಬರುತ್ತೆ ಅಂದ್ಮೇಲೆ ನಿಮಗೆ ಬೇರೆ ರೂಮು ಯಾಕೆ?"