ನಡುಗಡ್ಡೆಯ ಆಣೆ

ಬೀಳಗಿ ಕಡೆಯ ಹಿನ್ನೀರಿನಲ್ಲಿ ನಮ್ಮೂರು ನಡುಗಡ್ಡೆಯಾದ ಮೇಲಾದರೂ ಜನ ಒಂದಾಗುತ್ತಾರೆಂದು ನಂಬಿದ್ದೆ. ಸುತ್ತ ನೀರು, ಇರುವುದೊಂದೇ ದೋಣಿ. ಆದರೂ ಕುರಿಯವರಾದ ನಾವು ಮೂಡಲಿಗೆ, ನೇಕಾರರು ಪಡುವಲಿಗೆ. ನಾನು ಸೊಸೆಯಾಗಿ ಬರುವ ಮೊದಲೇ ಯಾವುದೋ ಜಗಳದಲ್ಲಿ ಎರಡೂ ಕಡೆಯ ಹಿರಿಯರು ಹೊಳೆದಂಡೆಯ ಬೀರಪ್ಪನ ಕಟ್ಟೆಯ ಮೇಲೆ ಭಂಡಾರ ಮುಟ್ಟಿ, ಇನ್ನು ಒಂದೇ ಪಂಚಾಯ್ತಿಯಲ್ಲಿ ಕೂಡುವುದಿಲ್ಲವೆಂದು ಆಣೆ ಮಾಡಿದ್ದರು. ದೇವರ ಅರಿಶಿನ ಮುಟ್ಟಿದ ಮಾತನ್ನು ಯಾರು ಮುರಿದಾರು?

ನನಗೆ ಬೇಕಾಗಿದ್ದು ಪಂಚಾಯ್ತಿಯಲ್ಲ, ಆಚೆಯ ನೇಕಾರರ ಓಣಿಯ ಗೆಳತಿ. ನನಗೆ ಎದೆಹಾಲು ಬಾರದಿದ್ದಾಗ ನೀರಿನ ನೆವದಲ್ಲಿ ಹೊಳೆಗೆ ಬಂದು, ಕಂಟಿಯ ಮರೆಯಲ್ಲಿ ನನ್ನ ಮಗಳಿಗೆ ಹಾಲೂಡಿಸಿದವಳು ಅವಳು. ಮುಳುಗುವ ಊರಿಗೆ ಬದಲಾಗಿ ಸರ್ಕಾರ ಕೊಡುವ ಹೊಸ ಊರಲ್ಲಿ ಅವಳ ಪಕ್ಕದ ಮನೆ ಸಿಗಲೆಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಊರು ಎತ್ತುವ ಕಾಲ ಬಂತು. ಎರಡೂ ಕಡೆಯವರು ಒಪ್ಪಿದರೆ ಎಲ್ಲರಿಗೂ ಒಂದೇ ಕಡೆ ಜಾಗ, ಒಂದೇ ಪಂಚಾಯ್ತಿ, ಇಲ್ಲವಾದರೆ ಬೇರೆ ಬೇರೆ ಎಂದರು ಅಧಿಕಾರಿ. ಆಣೆ ಮಾಡಿದವರಲ್ಲಿ ಬದುಕಿದ್ದವರು ಇಬ್ಬರೇ: ನಮ್ಮ ಮಾವ, ನೇಕಾರರ ಕಡೆಯ ಒಬ್ಬ ಅಜ್ಜ. ಅದೇ ಕಟ್ಟೆಯ ಮೇಲೆ ಭಂಡಾರ ಇಟ್ಟು ಆಣೆ ಇಳಿಸಲು ಇಬ್ಬರೂ ಒಪ್ಪಿದರು.

"ನಾಳೇನ ಮಾಡಿ ಬಿಡೂಣು," ಎಂದರು ಮಾವ.

ನಾನೇ ತಡೆದೆ. "ಮಾವಾರ, ದೇವರ ಕೆಲಸ ಐತಿ. ಅಮಾಸಿ ದಿನಾ ಮಾಡಿದ್ರ ಛಲೋ ಅಲ್ಲೇನ್ರಿ?"

"ಖರೆ ಐತಿ ಬಿಡವಾ," ಎಂದು ಅವರು ಕಾದರು.

ಅಮಾವಾಸ್ಯೆಯೊಳಗೆ ಹಿನ್ನೀರು ಏರಿ ಕಟ್ಟೆ ಮುಳುಗಿತ್ತು. ಮುದುಕರಿಬ್ಬರೂ ದಂಡೆಯಲ್ಲಿ ನಿಂತರು.

"ಏನೋ, ಈಸಾಕ ಬರತೈತೇನ್ಲೇ?" ಎಂದ ಅಜ್ಜ.

"ಮೊದಲ ನೀ ಇಳಿ. ನೀ ಮುಳುಗಿದ್ರ ಆಳ ತಿಳೀತೈತಿ," ಎಂದರು ಮಾವ.

ಇಬ್ಬರೂ ನಕ್ಕರು. ಅವರು ಒಬ್ಬರಿಗೊಬ್ಬರು ಮಾತಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

"ಯಪ್ಪಾ, ಭಂಡಾರ ನೀರಾಗ ಬಿಟ್ರ ಆತಲ್ಲ," ಎಂದರು ನನ್ನ ಯಜಮಾನರು. ಮಾವ ಒಪ್ಪಲಿಲ್ಲ. "ನೀರಿಗಿ ಆಣಿ ಮಾಡಿಲ್ಲೋ. ಕಟ್ಟಿ ಮುಟ್ಟಿ ಮಾಡೇವಿ." ಭಂಡಾರವನ್ನು ಮತ್ತೆ ಸೊಂಟದ ಚೀಲಕ್ಕೆ ತುಂಬಿಕೊಂಡರು. ಅಧಿಕಾರಿ ಎರಡು ಊರು ಎಂದು ಬರೆದುಕೊಂಡು ಹೋದರು.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಅದು ಬೀರಪ್ಪನ ದಯೆ. ತಡೆದದ್ದು ನಾನೆಂದು ಗೆಳತಿಗೆ ಮಾತ್ರ ನಾನೇ ಹೇಳಿದೆ. ಅವಳು, "ದೇವರ ಸಲುವಾಗಿ ಅಂದಿ, ಅಳಬ್ಯಾಡ ಬೇ," ಎಂದಳು.

ಅವರಿಗೆ ಬನಹಟ್ಟಿ ಕಡೆ ಜಾಗ ಸಿಕ್ಕಿತು, ನಮಗೆ ಲೋಕಾಪುರದ ಕಡೆ. ಬಸ್ಸಾದರೂ ಇದೆ, ಅಷ್ಟು ಪುಣ್ಯ. ವರ್ಷಕ್ಕೊಮ್ಮೆ ಹೋಗುತ್ತೇನೆ. ಅವಳು ಚಾಪೆ ಹಾಸಿ, ಚಹಾ ಕೊಟ್ಟು, ಬಂದು ಹೋಗುವ ಬೀಗರನ್ನು ಕೇಳಿದಂತೆ ಕೇಳುತ್ತಾಳೆ: "ಯಾವ ಬಸ್ಸಿಗಿ ಹೊಂಟಿ?"