ಹನ್ನೊಂದು ಕೋಣೆಗಳಿಗೆ ಒಂದೇ ವಿಳಾಸ

ಬೆಳಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ಹಿಂಬದಿಯ ಸ್ವಿಚ್ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಮಂಡಿಯೂರಿ ಕುಳಿತು ಹಳೆಯ ಕಂಪ್ಯೂಟರಿನ ಧೂಳು ಒರೆಸುತ್ತಿದ್ದಾರೆ. ಅದಕ್ಕೆ ಪರದೆಯಿಲ್ಲ, ಮೂಲೆಯಲ್ಲಿ ಒಂದು ಹಸಿರು ದೀಪ ಮಿಟುಕುತ್ತಿದೆ, ಅಷ್ಟೇ. ಆ ದೀಪ ಕಂಡ ಮೇಲೆಯೇ ಅವರ ಮೊದಲ ಚಹಾ.

"ಇದು ಉಸಿರಾಡ್ತಿದ್ರೆ ನಾನೂ ಉಸಿರಾಡ್ತೀನಿ" ಎಂದು ನನ್ನತ್ತ ನೋಡಿ ನಗುತ್ತಾರೆ.

ಇಲ್ಲಿ ಎಲ್ಲರಿಗೂ ಇವರು 'ಫ್ಯೂಸ್ ಮಾಮ'. ಇಪ್ಪತ್ತೆರಡು ವರ್ಷದ ಸೇವೆ. ದಿನಕ್ಕೆ ಏನಿಲ್ಲವೆಂದರೂ ಮೂವತ್ತು ದೂರು: ಫ್ಯಾನು, ಟ್ಯೂಬು, ಲಿಫ್ಟು. ಕಂಪ್ಯೂಟರ್ ಇವರ ಕೆಲಸದ ಪಟ್ಟಿಯಲ್ಲೇ ಇಲ್ಲ. ಅದನ್ನು ತಲೆಗೆ ಕಟ್ಟಿಕೊಂಡದ್ದು ಬಟ್ಟೆ ವಿಭಾಗದ ಅಕ್ಕನಿಗಾಗಿ.

ವಾರ್ಡುಗಳಿಗೆ ಹೊದಿಕೆ, ಆಪರೇಷನ್ ಕೋಣೆಗೆ ಹಸಿರು ಬಟ್ಟೆ ಕಳಿಸುವವರು ಈ ಅಕ್ಕ. ವರ್ಷಗಟ್ಟಲೆ ಒಗೆಯುವ ಯಂತ್ರಗಳ ಪಕ್ಕ ನಿಂತು ಅವರ ಕಿವಿ ಮಂದವಾಗಿದೆ. ಚೀಟಿ ಬರುತ್ತಿದ್ದ ಕಾಲಕ್ಕೆ ತೊಂದರೆಯಿರಲಿಲ್ಲ. ಚೀಟಿ ಹೋಗಿ ಇಂಟರ್‌ಕಾಮ್ ಬಂದದ್ದೇ ತಡ, ಗ್ರಹಚಾರ ಶುರುವಾಯಿತು. ಒಂದು ಬೆಳಗ್ಗೆ ಗಂಟೆ ಬಡಿದದ್ದು ಕೇಳಿಸದೆ ಬಟ್ಟೆ ಹೋಗಲಿಲ್ಲ, ಆಪರೇಷನ್ ನಲವತ್ತು ನಿಮಿಷ ತಡವಾಯಿತು. "ಸೋಮವಾರದೊಳಗೆ ಏನಾದ್ರೂ ದಾರಿ ಹುಡುಕಿ. ಇಲ್ಲಾಂದ್ರೆ ಆ ಜಾಗಕ್ಕೆ ಬೇರೆಯವರನ್ನ ಹಾಕ್ತೀವಿ" ಎಂದರು ಮೇಲಧಿಕಾರಿ.

ಮೊಬೈಲಿನಲ್ಲಿ ಸಂದೇಶ ಕಳಿಸೋಣವೆಂದರೆ, ರೋಗಿಗಳ ವಿವರ ಕಟ್ಟಡದ ಹೊರಗೆ ಹೋಗುವಂತಿಲ್ಲ. ಹಾಗಾದರೆ ಕಟ್ಟಡದೊಳಗೇ ನಮ್ಮದೊಂದು ಅಂಚೆ ಕಚೇರಿ ಇರಲಿ ಎಂದುಕೊಂಡರು ಮಾಮ. ಗುಜರಿಗೆ ಹೊರಟಿದ್ದ ಕಂಪ್ಯೂಟರನ್ನು ಕೇಳಿ ಪಡೆದರು. ಒಂದು ಕೋಣೆಯ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ, ಪುಕ್ಕಟೆ ಸಿಗುವ ಚಾಟ್ ಸರ್ವರ್ ತಂತ್ರಾಂಶ ಇಳಿಸಿಕೊಂಡರು. ನಾಲ್ಕು ದಿನ ಊಟದ ತಟ್ಟೆಯ ಪಕ್ಕ ಕೈಪಿಡಿಯ ಹಾಳೆಗಳು. "ನಮ್ಮನೆ ಮಿಕ್ಸಿ ಕೆಟ್ಟು ಎಂಟು ತಿಂಗಳಾಯ್ತು. ಅದಕ್ಕೂ ಒಂದು ಪುಸ್ತಕ ತಂದುಕೊಡ್ಲಾ ಅಂತ ಕೇಳ್ದೆ" ಎನ್ನುತ್ತಾರೆ ಅವರ ಹೆಂಡತಿ.

ಶನಿವಾರ ಸರ್ವರ್ ಎದ್ದು ನಿಂತಿತು. ಅದೇ ಕಂಪ್ಯೂಟರಿಗೆ ಎರವಲು ಪರದೆಯೊಂದನ್ನು ಸಿಕ್ಕಿಸಿ, ಅದರ ಮುಂದೆ ಕೂತು ತಮಗೆ ತಾವೇ 'ನಮಸ್ಕಾರ' ಕಳಿಸಿ ನೋಡಿದರು, ತಲುಪಿತು. ಹಿಗ್ಗಿನಲ್ಲಿ ಅಲ್ಲಿ ಕಂಡ ವಿಳಾಸದ ಅಂಕಿಯನ್ನು ಹನ್ನೊಂದು ಚೀಟಿಗಳ ಮೇಲೆ ಬರೆದು ಹನ್ನೊಂದು ಕೋಣೆಗಳ ಕಂಪ್ಯೂಟರಿಗೆ ಅಂಟಿಸಿದರು. ಭಾನುವಾರ ಎಲ್ಲ ಕಡೆ ಅದನ್ನೇ ತುಂಬಿಸಿದರೆ ಒಂದೂ ಸರ್ವರಿಗೆ ಸೇರಿಕೊಳ್ಳಲಿಲ್ಲ! ವೈರು ಬದಲಾಯಿಸಿದರು, ಸರ್ವರನ್ನು ಮೂರು ಸಲ ಹೊಸದಾಗಿ ಹಾಕಿದರು. ಸಂಜೆಯಾಯಿತು. ಕೊನೆಗೆ ಕೈಪಿಡಿಯನ್ನು ಮತ್ತೆ ಓದುವಾಗ ಹೊಳೆಯಿತು. ಅವರು ಬರೆದುಕೊಟ್ಟದ್ದು ಸರ್ವರಿನ ವಿಳಾಸವಲ್ಲ, ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ಅಂಕಿ.

"ಮದುವೆ ಕರೆಯೋಲೆಲಿ ವಿಳಾಸದ ಜಾಗದಲ್ಲಿ 'ನಮ್ಮನೆ' ಅಂತ ಬರೆದಂಗಾಗಿತ್ತು ನೋಡಿ. ಎಲ್ಲರೂ ಅವರವರ ಮನೇಲೇ ಕೂತ್ಕೊಂಡಿದ್ರು!"

ಸರ್ವರಿನ ನಿಜವಾದ ಅಂಕಿ ಹುಡುಕಿ, ಅದು ಮತ್ತೆ ಬದಲಾಗದಂತೆ ಕಟ್ಟಿಹಾಕಿ, ಹನ್ನೊಂದೂ ಕೋಣೆ ಸುತ್ತಿದರು. ಅಕ್ಕನ ಮೇಜಿನ ಮೇಲೆ, ಸಂದೇಶ ಬಂದಾಗ ಹೊತ್ತುವ ಹಳದಿ ಬಲ್ಬೊಂದನ್ನೂ ಹಾಕಿದರು. ಸೋಮವಾರ ಆರೂಹತ್ತಕ್ಕೆ ಬಲ್ಬು ಹೊತ್ತಿತು: 'ಆಪರೇಷನ್ ಕೋಣೆಗೆ ಆರು ಬಟ್ಟೆ.' ಅಕ್ಕ ಒಂದೊಂದೇ ಅಕ್ಷರ ಒತ್ತಿದರು: 'ಕಳಿಸಿದೆ.' ಬಾಗಿಲಲ್ಲಿ ನಿಂತಿದ್ದ ಮೇಲಧಿಕಾರಿ ಸರಿ ಎಂಬಂತೆ ತಲೆಯಾಡಿಸಿ ಹೊರಟರು. ಮಾಮ ಅಲ್ಲೇ ಬಟ್ಟೆ ಗಂಟಿನ ಮೇಲೆ ಕುಳಿತುಬಿಟ್ಟರಂತೆ. "ಜೀವ ಬಂದಂಗಾಯ್ತು" ಎನ್ನುವಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಈಗ ದಿನಕ್ಕೆ ಇನ್ನೂರರಷ್ಟು ಸಂದೇಶ ಓಡಾಡುತ್ತವೆ. "ಏನಾದ್ರೂ ಕೆಟ್ಟಾಗ್ಲೇ ನನ್ನ ನೆನಪು ಇವರಿಗೆ. ಇದಕ್ಕೆ ಮೂರು ತಿಂಗಳಿಂದ ಯಾರೂ ಕರೆದಿಲ್ಲ. ನನಗೆ ಅದೇ ಸನ್ಮಾನ."

ಹೊರಡುವ ಮುನ್ನ ಅಕ್ಕನನ್ನು ಮಾತಾಡಿಸಲು ಹೋದೆ. ಯಂತ್ರಗಳ ಸದ್ದಿಗೆ ಗಂಟಲು ಹರಿಯುವಂತೆ ಕೂಗಿ, ಕೆಲಸ ಹೇಗಿದೆ ಎಂದು ಕೇಳಿದೆ. ಅವರು ಕೀಲಿಮಣೆಯನ್ನು ನನ್ನತ್ತ ಸರಿಸಿ ನಕ್ಕರು.

"ಕೂಗೋದು ಯಾಕಪ್ಪಾ? ಬರಿ. ಇಲ್ಲೇ ಇರ್ತೀನಲ್ಲ ನಾನು."